ಏಳನೆಯ ಮಿಷನ್ನಿನ ಹೆಸರು

ನಾನು ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡರೂ ‘ಇವನ್ಯಾರು, ಇಲ್ಲಿಗೆ ಯಾಕೆ ಬಂದ’ ಎಂದು ಕೇಳುವ ಪೈಕಿ ಎಂದು ನನ್ನ ಹೆಂಡತಿ ವಿರೂಪಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಸ್ವಲ್ಪ ಅತಿಯಾಯಿತು. ಆದರೆ ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ವಾಪಸ್ ಬಂದು ಎಳೆದು ನೋಡುವುದು ನಿಜ. ಹಾಲಿನವನು ಕಾರಣವಿಲ್ಲದೆ ನಕ್ಕ ದಿನ ಹಾಲನ್ನು ಬೆಳಕಿಗೆ ಹಿಡಿದು ನೋಡುವುದೂ ನಿಜ. ಬಳ್ಳಾರಿಯಲ್ಲಿ ಹದಿನಾರು ವರ್ಷ ಜೀನ್ಸ್ ಹೊಲಿಸುವ ಶೆಡ್ಡು ನಡೆಸಿಯೂ ಎಲ್ಲರನ್ನೂ ನಂಬುವವನು ಯಾರಾದರೂ ಇದ್ದರೆ ತೋರಿಸಿ, ನನಗೆ ಮೊದಲು ಅವನ ಮೇಲೆಯೇ ಅನುಮಾನ ಬರುತ್ತದೆ.

ನನ್ನ ಶೆಡ್ಡಿನಲ್ಲಿ ಇಪ್ಪತ್ತೆರಡು ಮಿಷನ್ನುಗಳಿವೆ. ಹೊಲಿಯುವವರೆಲ್ಲ ಹೆಂಗಸರು, ಅರ್ಧಕ್ಕರ್ಧ ಕುರುಗೋಡು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು. ಒಮ್ಮೆ ಒಬ್ಬಾಕೆಗೆ ಮಿಷನ್ ಕೊಟ್ಟರೆ ಅದು ಆಕೆಯ ಹೆಸರಿನದು. ಕಾಲುವೆಗೆ ನೀರು ಬಂದು ಸಿರುಗುಪ್ಪ ಕಡೆ ನಾಟಿ ಶುರುವಾದಾಗಲೋ ಮನೆಯಲ್ಲಿ ಬಾಣಂತನ ಬಂದಾಗಲೋ ತಂಗಿಯನ್ನೋ ವಾರಗಿತ್ತಿಯನ್ನೋ ಬದಲಿ ಕೂಡಿಸಿ ಹೋಗುತ್ತಾರೆ. ಹಾಜರಿ ಮಾತ್ರ ಮಿಷನ್ನಿನ ಹೆಸರಿಗೇ ಬೀಳುತ್ತದೆ. ಎಲ್ಲ ಶೆಡ್ಡುಗಳಲ್ಲೂ ಇದೇ ಪದ್ಧತಿ. ಆದರೆ ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆಂದು ನಾನು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದೆ: ‘ಬದಲಿ ಕೂಡಿಸಿದ್ದರೂ ಹದಿನೈದು ದಿನಕ್ಕಿಂತ ಹೆಚ್ಚು ಬರದಿದ್ದರೆ ಮಿಷನ್ ಬೇರೆಯವರಿಗೆ.’ ಬರೆಸಿದ ಮೇಲೆ ಯಾರೂ ಹದಿನಾರನೆಯ ದಿನ ತಪ್ಪಿಸಿರಲಿಲ್ಲ. ನನ್ನ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಈ ವರ್ಷ ಯುಗಾದಿ ಮುಗಿದ ಮೇಲೆ ನಮಗೆ ಆರ್ಡರ್ ಕೊಡುವ ಮುಂಬೈ ಕಂಪನಿಯವರು ಒಂದು ಕಾಗದ ಕಳಿಸಿದರು. ಕೆಲಸಗಾರರಿಗೆಲ್ಲ ಇಎಸ್‌ಐ, ಪಿಎಫ್ ಇರಬೇಕು, ಇಲ್ಲದಿದ್ದರೆ ಮುಂದಿನ ಆರ್ಡರ್ ಇಲ್ಲ. ಇಎಸ್‌ಐ ಎಂದರೆ ತಿಂಗಳು ತಿಂಗಳು ನಾನಿಷ್ಟು, ಅವರಿಷ್ಟು ಕಟ್ಟುವುದು. ಕೆಲಸಗಾರರ ಹೆಸರಿಗೆ ಕಾರ್ಡು ಬರುತ್ತದೆ, ಕಾರ್ಡಿದ್ದರೆ ಆಸ್ಪತ್ರೆಯಲ್ಲಿ ಖರ್ಚಿಲ್ಲ. ಇದನ್ನು ನಾನು ಯಾವತ್ತೋ ಮಾಡಬೇಕಿತ್ತು. ಸರ್ಕಾರದ ಫಾರಂ ಎಂದರೆ ಒಂದು ಕಡೆ ಸಹಿ ಹಾಕಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತೇವೆ ಎಂಬ ಭಯದಿಂದ ಸುಮ್ಮನಿದ್ದೆ. ಈಗ ಮಾಡಲೇಬೇಕಾಯಿತು, ಮಾಡಿಸಿಕೊಡುವ ಸಲಹೆಗಾರರೊಬ್ಬರು ಬೇಕಾದರು.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಏಳನೆಯ ಮಿಷನ್ನಿನ ಜಡೆಮ್ಮನಿಗೆ. ಅವಳ ಕೊರಳಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ಅದನ್ನು ಮುಚ್ಚಲು ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ಹೊಲಿಯುತ್ತಿದ್ದಳು. ಆಪರೇಷನ್ ಮಾಡಿಸಿ ತೆಗೆಸಲೇಬೇಕು, ಮಳೆಗಾಲದ ಆಚೆಗೆ ಹಾಕಬೇಡ ಎಂದು ಡಾಕ್ಟರು ಹೇಳಿದ್ದರಂತೆ. ನುಂಗುವುದಕ್ಕೂ ಕಷ್ಟವಾಗಿ ಮಧ್ಯಾಹ್ನ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದಳು.

“ಕಾರ್ಡ್ ಯಾವಾಗ ಬರ್ತೈತ್ರಿ ಅಣ್ಣಾರ?” ಎಂದು ದಿನಾ ಕೇಳುತ್ತಿದ್ದಳು.

“ಮೊದ್ಲು ಮಾಡಿಸೋರು ಸಿಗಲಿ ತಡಿ,” ಎನ್ನುತ್ತಿದ್ದೆ.

ಸಿಕ್ಕವರು ಇಬ್ಬರು. ಮೊದಲನೆಯವನು ರಾಮಾಂಜಿನಿ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು, ಅರ್ಧ ಕನ್ನಡ ಅರ್ಧ ತೆಲುಗು. ಶೆಡ್ಡಿನ ಒಳಗೆ ಕಾಲೇ ಇಡಲಿಲ್ಲ. ಬಾಗಿಲಲ್ಲಿಯೇ ಚಹಾ ಕುಡಿದು, “ನಿಮ್ಮ ಹಾಜರಿ ರಿಜಿಸ್ಟರ್ ಕೊಡ್ರಿ, ಆಧಾರ್ ಜೆರಾಕ್ಸ್ ಫೈಲ್ ಕೊಡ್ರಿ, ಅಷ್ಟಾ. ಮೂರು ದಿನದಾಗ ಕಾರ್ಡ್ ನಿಮ್ಮ ಟೇಬಲ್ ಮ್ಯಾಲೆ ಇರ್ತಾವ. ನಿಮಗ ಒಂದು ತಲಿಬ್ಯಾನಿ ಇರಂಗಿಲ್ಲ,” ಎಂದ. ಮಾತು ಬೆಣ್ಣೆಯ ಹಾಗಿತ್ತು. ಅದೇ ನನಗೆ ಹಿಡಿಸಲಿಲ್ಲ.

ಎರಡನೆಯವರು ಮೀನಾಕ್ಷಿ. ಕಂಟೋನ್ಮೆಂಟಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ಇಟ್ಟುಕೊಂಡಿದ್ದ ನಲವತ್ತರ ಆಸುಪಾಸಿನ ಹೆಂಗಸು. ಚಹಾ ಬೇಡವೆಂದರು, ರಿಜಿಸ್ಟರನ್ನೂ ಬೇಡವೆಂದರು.

“ರಿಜಿಸ್ಟರ್ ಆಮ್ಯಾಲೆ ನೋಡ್ತೀನ್ರಿ. ಮೊದ್ಲು ಒಬ್ಬೊಬ್ಬರ ಜತಿ ಕುಂತು ಮಾತಾಡ್ಬೇಕು. ಯಾರಿಗೆ ಏನು ಕಾಯಿಲೆ ಐತಿ, ಮನ್ಯಾಗ ಯಾರ್ಯಾರು ಅದಾರ, ಎಲ್ಲಾ ಕೇಳ್ಬೇಕು. ನಾ ಮಾತಾಡುವಾಗ ನೀವು ಅಲ್ಲಿ ಇರಬಾರ್ದು.”

“ನನ್ನ ಶೆಡ್ಡಿನಾಗ ನಾ ಇರಬಾರ್ದಾ?”

“ಇದ್ರ ಅವ್ರು ನಿಮ್ಮ ಮಕಾ ನೋಡಿ ಮಾತಾಡ್ತಾರ. ಆವಾಗ ನಾ ಬಂದೂ ಉಪಯೋಗಿಲ್ಲ.”

ನನಗೆ ಕೂಡಲೇ ದುರುಗಣ್ಣನ ನೆನಪಾಯಿತು. ಪಕ್ಕದ ರಸ್ತೆಯಲ್ಲಿ ಅವನದೂ ಒಂದು ಶೆಡ್ಡು. ಹೋದ ವರ್ಷ ಸರ್ವೇ ಮಾಡುತ್ತೇನೆಂದು ಹೆಂಗಸೊಬ್ಬಳು ಬಂದು ಎರಡು ದಿನ ಹೀಗೆಯೇ ಕೂತು ಮಾತಾಡಿ ಹೋದಳು. ತಿಂಗಳೊಳಗೆ ಅವನ ಐದು ಜನ ಒಳ್ಳೆಯ ಕೈಗಳು ಬೇರೆ ಶೆಡ್ಡಿಗೆ ಹಾರಿದವು. ಪ್ಯಾಂಟಿನ ಸೊಂಟಕ್ಕೆ ಬೆಲ್ಟ್ ಪಟ್ಟಿ ನೆಟ್ಟಗೆ ಕೂರಿಸುವ ಕೈ ಬಳ್ಳಾರಿಯಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅಂಥ ಕೈ ನನ್ನಲ್ಲಿದ್ದದ್ದು ಒಂದೇ, ಅದು ಜಡೆಮ್ಮನದು.

ಆದರೂ ಎರಡು ದಿನ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದರೆ ಗೋಡೌನಿನ ಕಿಟಕಿಯ ಸಂದಿಯಿಂದ ನೋಡುತ್ತ ನಿಂತೆ. ಮಾತು ಕೇಳಿಸುತ್ತಿರಲಿಲ್ಲ. ಎರಡನೆಯ ದಿನ ಜಡೆಮ್ಮನ ಜೊತೆ ಮೀನಾಕ್ಷಿ ಮುಕ್ಕಾಲು ಗಂಟೆ ಕೂತರು. ಜಡೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೀನಾಕ್ಷಿ ಅವಳ ಕೈಹಿಡಿದು ಏನೋ ಹೇಳಿದರು, ಅವಳು ಬೇಡ ಬೇಡವೆಂದು ತಲೆಯಾಡಿಸಿದಳು. ಆಸೆ ತೋರಿಸುತ್ತಿದ್ದಾರೆ, ಇವಳು ಇನ್ನೂ ಒಪ್ಪಿಲ್ಲ ಎಂದುಕೊಂಡೆ.

ಅಂದಿನಿಂದ ಜಡೆಮ್ಮ ಕಾರ್ಡಿನ ಮಾತೇ ಎತ್ತಲಿಲ್ಲ. ನಾನು ಹತ್ತಿರ ಹೋದರೆ ತಲೆ ತಗ್ಗಿಸಿ ಪೆಡಲ್ ಇನ್ನೂ ಜೋರಾಗಿ ಒತ್ತುತ್ತಿದ್ದಳು. ಮೀನಾಕ್ಷಿಯನ್ನು ಏನಾಯಿತೆಂದು ಕೇಳಿದೆ.

“ನಾಕೈದು ಹೆಸರಿನಾಗ ತೊಂದ್ರಿ ಐತ್ರಿ. ಎಂಟು ದಿನ ಟೈಮ್ ಕೊಡ್ರಿ, ಸರಿ ಮಾಡ್ತೀನಿ.”

“ಯಾರ ಹೆಸರು? ಏನು ತೊಂದ್ರಿ?”

“ಈಗ ಹೇಳಂಗಿಲ್ರಿ. ಅವ್ರಿಗೆ ಮಾತು ಕೊಟ್ಟೀನಿ.”

ನನ್ನ ಶೆಡ್ಡು, ನನ್ನ ಕೆಲಸಗಾರರು, ನಾಳೆ ಇವರಿಗೆ ಫೀಸು ಕೊಡುವವನೂ ನಾನು. ಗುಟ್ಟು ಮಾತ್ರ ಅವರವರಲ್ಲೇ. ನನಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಹಾಗಂತ ರಾಮಾಂಜಿನಿಯನ್ನು ಕಣ್ಣುಮುಚ್ಚಿ ಒಪ್ಪುವವನೂ ನಾನಲ್ಲ. ಮರುದಿನ ಬಸ್ ಹತ್ತಿ ಸಿರುಗುಪ್ಪಕ್ಕೆ ಹೋದೆ. ಅಲ್ಲಿ ಮರಿಬಸಪ್ಪನೆಂಬುವನ ಅಕ್ಕಿ ಗಿರಣಿಯ ಕೆಲಸವನ್ನು ಮೂರು ವರ್ಷದಿಂದ ತಾನೇ ನೋಡಿಕೊಳ್ಳುತ್ತೇನೆಂದು ರಾಮಾಂಜಿನಿ ಹೇಳಿದ್ದ. ಮರಿಬಸಪ್ಪ ಗದ್ದಿಗೆಯಿಂದ ಏಳದೆಯೇ ಹೊಗಳಿದ. “ಭಾಳ ಚಲೋ ಮನಷ್ಯಾ ಬಿಡ್ರಿ. ಮೂರು ವರ್ಷದಾಗ ಒಂದು ಕಾಗದ ನನ್ನತನಕ ಬಂದಿಲ್ಲ.”

ಮೂರು ವರ್ಷದಲ್ಲಿ ಒಂದೂ ಕಾಗದ ಬಾರದ ಸರ್ಕಾರಿ ಕೆಲಸ ಯಾವುದು? ಹೊರಗೆ ಬಂದು ತೌಡಿನ ಚೀಲ ಹೊರುತ್ತಿದ್ದ ಹೊನ್ನೂರಪ್ಪನೆಂಬ ಹಮಾಲಿಯನ್ನು ನೆರಳಿಗೆ ಕರೆದು ಬೀಡಿ ಕೊಟ್ಟೆ.

“ನಿನ್ನ ಇಎಸ್‌ಐ ಕಾರ್ಡ್ ಐತೇನಪ್ಪ?”

“ಐತಂತ್ರಿ. ಸಾವ್ಕಾರ್ರ ಅಲ್ಮಾರದಾಗ ಐತಿ. ನಾ ನೋಡಿಲ್ಲ.”

“ಆರಾಮಿಲ್ಲಂದ್ರ ಏನು ಮಾಡ್ತೀ?”

“ಆರಾಮಿಲ್ಲಂದ್ರ ಮನಿಗೆ ಹೋಗ್ತೀನ್ರಿ,” ಎಂದು ಬೀಡಿ ಹಚ್ಚಿದ.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ಗದ್ದೆಗಳನ್ನು ನೋಡುತ್ತ ಯೋಚಿಸಿದೆ. ಒಬ್ಬನು ಏನೂ ಮಾಡುವುದಿಲ್ಲ, ಇನ್ನೊಬ್ಬಳು ಬೇಕಾದ್ದಕ್ಕಿಂತ ಹೆಚ್ಚು ಮಾಡುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಏನೂ ಮಾಡದವನೇ ನನಗೆ ವಾಸಿ ಎನಿಸಿದ. ಕಾರ್ಡು ಅಲ್ಮಾರದಲ್ಲಿದ್ದರೆ ಕಳೆದುಹೋಗುವುದಿಲ್ಲ, ಕೆಲಸಗಾರರೂ ಕಳೆದುಹೋಗುವುದಿಲ್ಲ. ಬಳ್ಳಾರಿಯಲ್ಲಿ ಇಳಿದವನೇ ರಾಮಾಂಜಿನಿಯನ್ನು ಕರೆಸಿ ರಿಜಿಸ್ಟರನ್ನೂ ಆಧಾರ್ ಫೈಲನ್ನೂ ಕೊಟ್ಟೆ. ನಾಳೆ ಹತ್ತು ಗಂಟೆಗೆ ಎಲ್ಲ ಹೆಸರು ಆನ್‌ಲೈನಿಗೆ ಏರಿಸಿಬಿಡುತ್ತೇನೆ ಎಂದ. ಮೀನಾಕ್ಷಿಗೆ ಇನ್ನು ಬರಬೇಡಿ ಎಂದು ಹೇಳಲು ಫೋನ್ ಮಾಡಿದೆ. ಎತ್ತಲಿಲ್ಲ.

ಎತ್ತದಿರುವುದಕ್ಕೆ ಕಾರಣ ಸಂಜೆ ಐದೂವರೆಗೆ ಕಣ್ಣಿಗೇ ಬಿತ್ತು. ಕೆಲಸ ಬಿಟ್ಟ ಹೆಂಗಸರು ಕುರುಗೋಡಿನ ಬಸ್ಸಿಗೆ ನಿಂತಿದ್ದರು. ಅವರ ಮಧ್ಯೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಮೀನಾಕ್ಷಿಯೂ ಇದ್ದರು. ಜಡೆಮ್ಮನ ಪಕ್ಕದಲ್ಲೇ ನಿಂತು ಪಿಸುಪಿಸು ಮಾತಾಡಿ, ಅವಳ ಜೊತೆಯಲ್ಲೇ ಬಸ್ ಹತ್ತಿದರು.

ಸಿಕ್ಕಿಬಿದ್ದರಲ್ಲ ಎಂದುಕೊಂಡೆ. ಸ್ಕೂಟರ್ ತೆಗೆದು ಬಸ್ಸಿನ ಹಿಂದೆಯೇ ಬಿಟ್ಟೆ. ಇಪ್ಪತ್ತೆಂಟು ಕಿಲೋಮೀಟರ್ ಹೊಗೆ ಕುಡಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಸಾಲುಗಟ್ಟಿ ಇಟ್ಟುಕೊಂಡೆ. ಕುರುಗೋಡಿನಲ್ಲಿ ಅವರಿಬ್ಬರೂ ಇಳಿದು ದೊಡ್ಡ ಬಸವೇಶ್ವರ ಗುಡಿಯ ಹಿಂದಿನ ಓಣಿಗೆ ತಿರುಗಿದರು. ಗುಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷ ತಡೆದು, ಆಮೇಲೆ ನಡೆದುಹೋದೆ. ಮಾತು ಕುದುರುವ ಹೊತ್ತಿಗೆ ಹೋಗಿ ನಿಲ್ಲಬೇಕೆಂಬುದು ನನ್ನ ಲೆಕ್ಕ.

ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದ ಸಣ್ಣ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆಯ ಮೇಲೆ ಮೀನಾಕ್ಷಿ ಕಾಗದ ಹರಡಿಕೊಂಡು ಕೂತಿದ್ದರು. ಜಡೆಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಮಂಚದ ಮೇಲೆ ಇನ್ನೊಬ್ಬ ಹೆಂಗಸು ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ನಾನು ಹೊಸ್ತಿಲಿಗೆ ಬಂದು ನಿಂತೆ.

“ನಮ್ಮ ಜಡೆಮ್ಮನ್ನ ಯಾವ ಶೆಡ್ಡಿಗೆ ಕರ್ಕಂಡು ಹೋಗಾಕತ್ತೀರಿ ಮೇಡಂ?” ಎಂದೆ. ಕಟ್ಟಿಟ್ಟುಕೊಂಡಿದ್ದ ಸಾಲುಗಳಲ್ಲಿ ಇದು ಮೊದಲನೆಯದು.

ಮಂಚದ ಮೇಲಿನ ಹೆಂಗಸು ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದು ನಿಂತಳು.

“ಜಡೆಮ್ಮ ಎಲ್ಲಿಗೂ ಹೋಗಿಲ್ರಿ ಅಣ್ಣಾರ,” ಎಂದಳು. “ಐದು ವರ್ಷಾತು, ಇಲ್ಲೇ ಅದೀನಿ.”

ನಾನು ಅವಳ ಮುಖ ನೋಡಿದೆ. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಶೆಡ್ಡಿನ ಶಟರ್ ತಾಗಿ ಆದ ಗಾಯ ಅದು, ಅರಿಶಿನ ಹಚ್ಚಿದವಳು ವಿರೂಪಮ್ಮ. ಇವಳು ಜಡೆಮ್ಮ. ಹಾಗಾದರೆ ಕಂಬಕ್ಕೆ ಒರಗಿ ನಿಂತವಳು ಯಾರು?

ಅವಳು ಭಾಗ್ಯ, ಜಡೆಮ್ಮನ ವಾರಗಿತ್ತಿ. ಲಾಕ್‌ಡೌನ್ ಹೊತ್ತಿನಲ್ಲಿ ಜಡೆಮ್ಮನಿಗೆ ಬೆನ್ನು ಹಿಡಿದು ಮಿಷನ್ನಿನ ಮುಂದೆ ಕೂರಲಾಗದ ಹಾಗಾಯಿತು. ಶೆಡ್ಡು ಮತ್ತೆ ತೆರೆದಾಗ ಭಾಗ್ಯಳನ್ನು ಬದಲಿ ಕೂಡಿಸಿದಳು. ಆಗ ಎಲ್ಲರ ಮುಖಕ್ಕೂ ಮಾಸ್ಕ್ ಇತ್ತು. ನಾನು ರಿಜಿಸ್ಟರ್ ನೋಡಿ ‘ಜಡೆಮ್ಮ’ ಎಂದು ಕೂಗಿದೆ, ಭಾಗ್ಯ ‘ಅದೀನ್ರಿ’ ಎಂದಳು. ಹದಿನೈದು ದಿನ ಕಳೆಯಿತು, ಬೆನ್ನು ಸರಿಹೋಗಲಿಲ್ಲ. ಹದಿನಾರನೆಯ ದಿನ ಹೇಳಿದರೆ ಮಿಷನ್ ಹೋಗುತ್ತದೆ ಎಂದು ಗೋಡೆಯೇ ಹೇಳುತ್ತಿತ್ತು. ಮಾಸ್ಕ್ ತೆಗೆಯುವ ಕಾಲ ಬರುವಷ್ಟರಲ್ಲಿ ನನ್ನ ಕಣ್ಣಿಗೆ ಏಳನೆಯ ಮಿಷನ್ನಿನಲ್ಲಿ ಕೂತವಳು ಯಾರಾದರೂ ಜಡೆಮ್ಮನೇ ಆಗಿದ್ದಳು. ಶೆಡ್ಡಿನ ಇಪ್ಪತ್ತೊಂದು ಜನಕ್ಕೂ ಇದು ಗೊತ್ತಿತ್ತಂತೆ. ಬೀಗವನ್ನು ಎರಡು ಸಲ ಎಳೆದು ನೋಡುವವನಿಗೆ ಮಾತ್ರ ಗೊತ್ತಿರಲಿಲ್ಲ.

“ಐದು ವರ್ಷ ನನಗ ಮೋಸ ಮಾಡೀರಿ,” ಎಂದೆ. ಸಿಟ್ಟು ನಿಜವಾಗಿಯೂ ಬಂದಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಭಾಗ್ಯ ಆಗ ಬಾಯಿ ತೆರೆದಳು. “ಇದ್ರಾಗ ಮೋಸ ಏನೈತ್ರಿ? ಹೆಸರು ನಮ್ಮಕ್ಕಂದು, ಹೊಲದದ್ದು ನಾನು. ಇಷ್ಟು ವರ್ಷದಾಗ ನನ್ನ ಕೈಯಾಂದು ಒಂದು ಪ್ಯಾಂಟಾದ್ರೂ ವಾಪಸ್ ಬಂದೈತೇನ್ರಿ?”

ಒಂದೂ ಬಂದಿರಲಿಲ್ಲ.

ಮೀನಾಕ್ಷಿ ಹರಡಿದ್ದ ಕಾಗದ ಜೋಡಿಸುತ್ತ ಹೇಳಿದರು. “ಮಿಷನ್ ಹೆಂಗ ಹೆಸರಿನ ಮ್ಯಾಲೆ ನಡೀತೈತೋ ಕಾರ್ಡೂ ಹಂಗಾ ನಡೀತೈತಿ ಅಂತ ಈಕಿ ತಿಳ್ಕಂಡಿದ್ಳು. ಅದಕ್ಕಾ ದಿನಾ ನಿಮ್ಮನ್ನ ಕೇಳ್ತಿದ್ಳು. ಆಸ್ಪತ್ರ್ಯಾಗ ಫೋಟೋ ನೋಡ್ತಾರ, ಬೆರಳು ಒತ್ತಿಸ್ತಾರ, ಜಡೆಮ್ಮನ ಕಾರ್ಡಿಗೆ ನಿನ್ನ ಕೊರಳಿನ ಆಪರೇಷನ್ ಆಗಂಗಿಲ್ಲವ್ವ ಅಂತ ನಾ ಹೇಳಿದ್ಮ್ಯಾಲೆ ಸುಮ್ನಾದ್ಳು. ಖರೇ ಹೇಳಿದ್ರ ಮಿಷನ್ ಹೋಗ್ತೈತಿ, ಹೇಳದಿದ್ರ ಆಪರೇಷನ್ ಇಲ್ಲ. ಮಿಷನ್ನಾ ಇರ್ಲಿ ಅಂತಾಳ. ಒಪ್ಪಸಾಕ ಇಲ್ಲೀತನಕ ಬಂದೀನಿ.”

“ಇಷ್ಟು ದಿನ ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಏನು ಮಾಡ್ತಿದ್ರಿ?”

ಏನು ಮಾಡುತ್ತಿದ್ದೆನೆಂದು ನನಗೆ ಗೊತ್ತಿತ್ತು. ಗೋಡೆಯ ಕಡೆ ಬೆರಳು ತೋರಿಸುತ್ತಿದ್ದೆ. ಆ ಮನೆಯಲ್ಲಿದ್ದ ಮೂವರು ಹೆಂಗಸರಿಗೂ ಅದು ಗೊತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು. ಜಡೆಮ್ಮ ಒಂದು ಲೋಟ ನೀರು ಕೊಟ್ಟಳು, ಕುಡಿದೆ.

ಅಲ್ಲೇ ಅಂಗಳಕ್ಕೆ ಬಂದು ರಾಮಾಂಜಿನಿಗೆ ಫೋನ್ ಮಾಡಿದೆ. ಏಳನೆಯ ಹೆಸರಿನವಳು ಬೇರೆ, ಮಿಷನ್ನಿನಲ್ಲಿ ಕೂತವಳು ಬೇರೆ, ನಾಳೆ ಏರಿಸಬೇಡ ಎಂದೆ.

“ಅಯ್ಯೋ ಅಷ್ಟೇನಾ ಅಣ್ಣಾ,” ಎಂದು ನಕ್ಕ. “ಜಡೆಮ್ಮ ಆದ್ರೇನು, ಯಾರಾದ್ರೇನು? ರಿಜಿಸ್ಟರ್ ಸರಿ ಐತಲ್ಲ. ಮುಂಬೈನವರು ಕಾಗದ ನೋಡ್ತಾರ, ಮಕಾ ನೋಡಾಕ ಬರ್ತಾರೇನು?”

ಅವನು ತಪ್ಪೇನೂ ಹೇಳಿರಲಿಲ್ಲ, ಐದು ವರ್ಷ ನಾನು ಶೆಡ್ಡು ನಡೆಸಿದ್ದೂ ಹಾಗೆಯೇ. ಅದಕ್ಕೇ ಇನ್ನಷ್ಟು ಉರಿಯಿತು. ಬೆಳಗ್ಗೆ ಎಂಟಕ್ಕೆ ಅವನ ಮನೆಗೇ ಹೋಗಿ ರಿಜಿಸ್ಟರು, ಫೈಲು ಎರಡನ್ನೂ ವಾಪಸ್ ತಂದೆ.

ಒಂಬತ್ತೂವರೆಗೆ ಮೀನಾಕ್ಷಿ ಕಟಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರು. ನಾನು ಮಿಷನ್ನುಗಳನ್ನು ನಿಲ್ಲಿಸಲು ಹೇಳಿ ಎಲ್ಲರ ಎದುರು ನಿಂತೆ.

“ಇವತ್ತು ರಿಜಿಸ್ಟರ್ ನೋಡಿ ನಾ ಹೆಸರು ಕರಿಯಂಗಿಲ್ಲ. ನಿಮ್ಮ ನಿಮ್ಮ ಖರೇ ಹೆಸರು ನೀವಾ ಬಂದು ಬರಸ್ರಿ. ಮಿಷನ್ ಮ್ಯಾಲೆ ಯಾರು ಕುಂತಾರೋ ಮಿಷನ್ ಅವ್ರದಾ. ಯಾರಿಗೂ ತೆಗಿಯಂಗಿಲ್ಲ.”

ಯಾರೂ ಏಳಲಿಲ್ಲ. ಇಪ್ಪತ್ತೆರಡು ಜನ ನನ್ನನ್ನೇ ನೋಡುತ್ತಿದ್ದರು. ಆ ನೋಟದ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ನಕ್ಕ ದಿನ ನಾನು ಹಾಲಿನವನನ್ನು ನೋಡುವ ನೋಟ ಅದು. ಹೆಸರು ಬರೆಸಿಕೊಂಡು ನಾಳೆ ಏನು ಮಾಡುತ್ತಾನೋ ಎಂದು ಅವರು ತೂಗಿ ನೋಡುತ್ತಿದ್ದರು. ಹದಿನಾರು ವರ್ಷ ನಾನು ಅವರನ್ನು ಅನುಮಾನಿಸಿದ್ದಕ್ಕೆ ಲೆಕ್ಕವಿಲ್ಲ. ಅವರೂ ನನ್ನನ್ನು ಅಷ್ಟೇ ಕಾಲ ಅನುಮಾನಿಸಿದ್ದರು, ನನಗಿಂತ ಹೆಚ್ಚು ಕಾರಣವಿಟ್ಟುಕೊಂಡು.

ಮೀನಾಕ್ಷಿ ತಲೆ ಎತ್ತದೆಯೇ, “ಗ್ವಾಡಿ ಮ್ಯಾಲಿಂದು ಹಂಗಾ ಐತಲ್ರಿ,” ಎಂದರು.

ಗೇಟಿಗೆ ಹೊಡೆದು ಉಳಿದ ಬೂದು ಬಣ್ಣದ ಡಬ್ಬಿ ಗೋಡೌನಿನಲ್ಲಿತ್ತು. ಸ್ಟೂಲ್ ಹಾಕಿಕೊಂಡು ಹತ್ತಿದೆ. ನನಗೆ ಬಣ್ಣ ಹೊಡೆದು ಅಭ್ಯಾಸವಿಲ್ಲ, ಅರ್ಧ ಬಣ್ಣ ಅಂಗಿಯ ಮೇಲೆ ಬಿತ್ತು. ಒಂದು ಕೈ ಹೊಡೆದಾಗ ‘ಮಿಷನ್ ಬೇರೆಯವರಿಗೆ’ ಎಂಬುದು ಇನ್ನೂ ನೀಲಿಯಾಗಿ ಕಾಣುತ್ತಿತ್ತು. ಎರಡನೆಯ ಕೈ ಹೊಡೆದೆ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ಇನ್ನೊಬ್ಬರು ಅವರನ್ನು ಗದರಿದರು. ಮೂರನೆಯದಕ್ಕೆ ಅಕ್ಷರ ಹೋಯಿತು.

ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡೆ. ಏಳನೆಯ ಮಿಷನ್ನಿನ ಕಡೆ ತಿರುಗಿ, “ಭಾಗ್ಯ,” ಎಂದು ಕರೆದೆ.

ಅವಳು ತಲೆ ಎತ್ತಲಿಲ್ಲ. ಸೆರಗು ಸುತ್ತಿದ ಕೊರಳು ಬಗ್ಗಿಸಿ ಸೂಜಿಯಲ್ಲಿ ದಾರ ಪೋಣಿಸುತ್ತಿದ್ದಳು. ಆ ಶೆಡ್ಡಿನಲ್ಲಿ ಆ ಹೆಸರನ್ನು ಯಾರೂ ಯಾವತ್ತೂ ಕೂಗಿರಲಿಲ್ಲ. ಎರಡನೆಯ ಸಲ ಕರೆದೆ. ಎಂಟನೆಯ ಮಿಷನ್ನಿನ ಗಿಡ್ಡಮ್ಮ ಮೊಣಕೈಯಿಂದ ಅವಳನ್ನು ತಿವಿದಳು.

ಅವಳು ದಾರ ಬಿಟ್ಟು, ಅತ್ತಿತ್ತ ನೋಡಿ, “ನನ್ನ ಕರದ್ರೇನ್ರಿ?” ಎಂದಳು.